'ನಿನ್ನಷ್ಟು' ಅಂತ ಇಂಗ್ಲಿಷಿನ್ಯಾಗ ಹೇಳೋದು ಹ್ಯಾಂಗ?

ಡಿಗ್ರೀಸ್ ಆಫ್ ಕಂಪ್ಯಾರಿಸನ್ ಅಂದ ಕೂಡ್ಲೇ ನಮ್ ರಾಯಚೂರ ಕಡಿ ಹುಡುಗುರು ಪಟಪಟ ಅಂತ ಒಂದು ಟೇಬಲ್ ಹಾಕ್ತಾರ, ಟಾಲ್ ಟಾಲರ್ ಟಾಲೆಸ್ಟ್, ಗುಡ್ ಬೆಟರ್ ಬೆಸ್ಟ್, ಆಮೇಲೆ 'ನೋ ಅದರ್' ಅಂತ ಶುರು ಮಾಡಿ ಒಂದೇ ವಾಕ್ಯನ ಮೂರು ಥರ ತಿರುಗಿಸಿ ಬರೀತಾರ. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಕಾಂಪಿಟೇಟಿವ್ ಎಕ್ಸಾಂ ತನಕ ಇದು ಬೇಕಾಗ್ತದ, ಬಾಯಿಪಾಠ ಮಾಡಿರ್ತಾರ, ಮಾರ್ಕ್ಸೂ ಬೀಳ್ತಾವ. ಆದ್ರ ಅವರಾಗೇ ಒಬ್ಬ ಹುಡುಗಿಗೆ 'ನಾ ನಿನ್ನಷ್ಟು ಓದಿಲ್ಲ' ಅನ್ನೋ ಒಂದು ಮಾತು ಇಂಗ್ಲಿಷಿನ್ಯಾಗ ಹೇಳವಾ ಅಂದ್ರ ಸುಮ್ನ ನಿಂತುಬಿಡ್ತಾಳ. ಸಂಜಿ ಹೊತ್ತು ಟ್ಯೂಷನ್ ಹೇಳೋ ನನಗ ಇದು ನೋಡಿ ನೋಡಿ ಬಾಳ ಸಂಕಟ ಆಗ್ತದ, ಯಾಕಂದ್ರ ಆ ಹುಡುಗೀಗಿ ಹೋಲಿಸೋದು ಗೊತ್ತಿಲ್ಲ ಅಂತಲ್ಲ, ಕನ್ನಡದಾಗ ದಿನಾ ಬೆಳಗಾದ್ರ ಅದನ್ನೇ ಮಾಡ್ತಾಳ, ಕಲಿಸೋರು ತಪ್ಪು ಬಾಗಿಲಿಂದ ಒಳಗ ಕರ್ಕೊಂಡು ಹೋಗ್ಯಾರ ಅಷ್ಟ.

ನನ್ನ ಪ್ರಕಾರ ಶುರು ಮಾಡ್ಬೇಕಾಗಿದ್ದು ಟಾಲರ್ ಟಾಲೆಸ್ಟ್‌ನಿಂದ ಅಲ್ಲ, ನಮ್ಮ 'ಅಷ್ಟು' ಇಂದ. ಈ ಅಷ್ಟು ಅನ್ನೋದು ಎಲ್ಲಾ ಕಡೀ ಹತ್ತಿಕೊಳ್ತದ ನೋಡ್ರಿ. ಅಣ್ಣನಷ್ಟು ಎತ್ತರ, ಅಣ್ಣನಷ್ಟು ಜೋರು ಓಡ್ತಾನ, ಅಣ್ಣನಷ್ಟು ರೊಕ್ಕ ಅದ, ಅಣ್ಣಗ ಇರೋವಷ್ಟು ಗೆಳೆಯರು ಇಲ್ಲ. ಮುಂದ ಬರೋದು ಗುಣನೋ ರೊಕ್ಕನೋ ಮಂದಿನೋ ಅಂತ ಕನ್ನಡ ಕೇಳೋದೇ ಇಲ್ಲ. ಇಂಗ್ಲಿಷ್ ಕೇಳ್ತದ. ಗುಣನೋ ಮಾಡೋ ರೀತಿನೋ ಇದ್ರ ಬರೀ ಎರಡು ಆ್ಯಸ್ ಸಾಕು, ಆ್ಯಸ್ ಟಾಲ್ ಆ್ಯಸ್, ಆ್ಯಸ್ ಫಾಸ್ಟ್ ಆ್ಯಸ್. ಅಳೆಯೋ ವಸ್ತು ಇದ್ರ ನಡುವ ಮಚ್ ಬರ್ತದ, ಎಣಿಸೋ ವಸ್ತು ಇದ್ರ ಮೆನಿ. ಆ್ಯಸ್ ಮಚ್ ವಾಟರ್ ಆ್ಯಸ್, ಆ್ಯಸ್ ಮೆನಿ ಬಕೆಟ್ಸ್ ಆ್ಯಸ್. ವಸ್ತುನೇ ಇಲ್ದ ಬರೀ ಕೆಲಸದ ಪ್ರಮಾಣ ಹೇಳ್ಬೇಕಂದ್ರ ಮಚ್ಚೇ ಬರ್ತದ, ಹಂಗಾಗಿ ಆ ಹುಡುಗಿ ಹೇಳ್ಬೇಕಾಗಿದ್ದ ಮಾತು 'ಐ ಹ್ಯಾವಂಟ್ ಸ್ಟಡೀಡ್ ಆ್ಯಸ್ ಮಚ್ ಆ್ಯಸ್ ಯೂ'. ಇಷ್ಟ ನೋಡ್ರಿ, ಇಷ್ಟ.

ಎರಡು ಆ್ಯಸ್ ಯಾಕ್ರೀ ಮೇಡಂ, ಒಂದು ಸಾಲಂಗಿಲ್ಲೇನು ಅಂತ ಕೇಳ್ತಾರ. ಒಳ್ಳೇ ಪ್ರಶ್ನಿ ಅದು. ಮೊದಲ್ನೇ ಆ್ಯಸ್ ನಮ್ಮ 'ಅಷ್ಟು' ಇದ್ದಂಗ, ಎರಡನೇದು 'ಯಾರಷ್ಟು' ಅನ್ನೋದಕ್ಕ ದಾರಿ ತೋರಿಸ್ತದ. ಆ್ಯಸ್ ಮತ್ತ ಆಲ್ಸೋ ಎರಡೂ ಹಳೇ ಇಂಗ್ಲಿಷಿನ ಒಂದೇ ಪದದಿಂದ ಬಂದಾವ, 'ಪೂರ್ತಿ ಹಂಗೇ' ಅನ್ನೋ ಅರ್ಥದ ಪದ, ಮಾತಾಡಿ ಮಾತಾಡಿ ಸವೆದು ಇಷ್ಟು ಸಣ್ಣದಾಗ್ಯದ.

ಮಚ್ ಮೆನಿ ಫರಕು ತಿಳಿಸೋಕ ನಾನು ಯಾವಾಗ್ಲೂ ಕೊಡೋ ಉದಾಹರಣಿ ನಮ್ಮ ರಾಯಚೂರ ಥರ್ಮಲ್ ಪ್ಲಾಂಟಿಂದು. ಶಕ್ತಿನಗರದ ಆರ್‌ಟಿಪಿಎಸ್‌ನ್ಯಾಗ 8 ಯೂನಿಟ್ (ಕರೆಂಟ್ ತಯಾರಿಸೋ ಯಂತ್ರ) ಅದಾವ, 210 ಮೆಗಾವ್ಯಾಟಿಂದು 7, 250 ರದ್ದು 1, ಒಟ್ಟು 1,720 ಮೆಗಾವ್ಯಾಟ್ ಸಾಮರ್ಥ್ಯ. ಬಳ್ಳಾರಿ ಕಡಿ ಕುಡತಿನಿ ಬಿಟಿಪಿಎಸ್‌ನ್ಯಾಗ ಇರೋದು 3 ಯೂನಿಟ್, 500 ರದ್ದು 2, 700 ರದ್ದು 1, ಒಟ್ಟು 1,700. ಈಗ ಹೇಳ್ರಿ, ಬಳ್ಳಾರಿ ಪ್ಲಾಂಟಿಗೆ ರಾಯಚೂರಿನಷ್ಟು ಯೂನಿಟ್ ಇಲ್ಲ, ಆದ್ರ ಹೆಚ್ಚು ಕಡಿಮಿ ರಾಯಚೂರಿನಷ್ಟೇ ಕರೆಂಟ್ ಕೊಡೋ ತಾಕತ್ತು ಅದ. ಕನ್ನಡದಾಗ ಎರಡೂ ಕಡಿ ಅದೇ 'ರಾಯಚೂರಿನಷ್ಟು'. ಇಂಗ್ಲಿಷಿನ್ಯಾಗ ಮೊದಲ್ನೇದು 'ಇಟ್ ಡಸಂಟ್ ಹ್ಯಾವ್ ಆ್ಯಸ್ ಮೆನಿ ಯೂನಿಟ್ಸ್', ಎರಡನೇದು 'ಬಟ್ ಇಟ್ ಕ್ಯಾನ್ ಪ್ರೊಡ್ಯೂಸ್ ಆಲ್ಮೋಸ್ಟ್ ಆ್ಯಸ್ ಮಚ್ ಪವರ್'. ಯೂನಿಟ್ ಬೆರಳಿಂದ ಎಣಿಸಬಹುದು, ಕರೆಂಟ್ ಮೀಟರಿನ್ಯಾಗ ಅಳೀಬೇಕು. ಇದನ್ನ ಬೋರ್ಡ್ ಮ್ಯಾಲೆ ಬರೆದಾಗ ಹಿಂದಿನ ಬೆಂಚಿನ ಹುಡುಗುರ ಮುಖದಾಗೂ ಒಂದು ಬೆಳಕು ಬರ್ತದ, ಯಾಕಂದ್ರ ಅವರ ಮನಿಯವರು ಯಾರರೆ ಅಲ್ಲಿ ಕೆಲಸ ಮಾಡ್ತಿರ್ತಾರ, ಚಿಮಣಿ ಹೊಗಿ ದಿನಾ ನೋಡ್ತಿರ್ತಾರ.

ಆದ್ರ ಯಾವುದು ಎಣಿಸೋದು ಯಾವುದು ಅಳೆಯೋದು ಅನ್ನೋದ್ರಾಗ ಇಂಗ್ಲಿಷಿಂದು ಅದರದೇ ಒಂದು ಹಟ ಅದ, ಅದನ್ನ ಮಾತ್ರ ಕಲೀಲೇಬೇಕು, ಬ್ಯಾರೆ ದಾರಿ ಇಲ್ಲ. ಅಕ್ಕಿ ಮಚ್, ಅಕ್ಕಿ ಚೀಲ ಮೆನಿ. ಜ್ವಾಳ ಮಚ್, ರೊಟ್ಟಿ ಮೆನಿ. ಇಲ್ಲೀತನಕ ಸರಿ. ರೊಕ್ಕ ಎಣಿಸ್ತೀವಲ್ರೀ, ಮೆನಿ ಆಗ್ಬೇಕಲ್ಲ ಅಂತಾರ, ಎಣಿಸೋದು ರೂಪಾಯಿ, ನೋಟು, ಮನಿ ಅನ್ನೋ ಪದ ಅಲ್ಲ, ಅದು ಮಚ್ಚೇ. ಲಗೇಜ್, ಫರ್ನಿಚರ್, ಇನ್ಫರ್ಮೇಶನ್, ಅಡ್ವೈಸ್ ಇವೆಲ್ಲಾ ನಮ್ ಕಣ್ಣಿಗೆ ಎಣಿಸೋ ಹಂಗ ಕಂಡ್ರೂ ಇಂಗ್ಲಿಷಿನ್ಯಾಗ ಮಚ್ ಕಡೀನೇ ನಿಂತಾವ.

ಕಡಿಮಿ ಹೇಳೋವಾಗೂ ಇದೇ ಗೆರಿ ಅದ, ಎಣಿಸೋದಕ್ಕ ಫ್ಯೂವರ್, ಅಳೆಯೋದಕ್ಕ ಲೆಸ್ ಅಂತ. ಆದ್ರ ಈ ಗೆರಿ ಮೆನಿ-ಮಚ್‌ನಷ್ಟು ಗಟ್ಟಿ ಅಲ್ಲ. 1770 ರಾಗ ರಾಬರ್ಟ್ ಬೇಕರ್ ಅನ್ನೋವ್ರು 'ಇಲ್ಲಿ ಫ್ಯೂವರ್ ಅಂದ್ರ ಚಂದ' ಅಂತ ತಮ್ಮ ಅಭಿಪ್ರಾಯ ಬರೆದ್ರು, ಬರ್ತಾ ಬರ್ತಾ ಅದೇ ನಿಯಮ ಆಗಿ ಕುಂತದ. ಅದಕ್ಕಿಂತ ಬಾಳ ಹಿಂದಿಂದ ಎಣಿಸೋ ವಸ್ತುಗೂ ಲೆಸ್ ಅನ್ನೋರು ಇದ್ರು, ಈಗ್ಲೂ ಇದ್ದಾರ. ಎಕ್ಸಾಂನ್ಯಾಗ ಫ್ಯೂವರ್ ಬರೀರಿ, ಆದ್ರ ಯಾರರೆ ಮಾತಾಡೋವಾಗ ಲೆಸ್ ಅಂದ್ರ ತಿದ್ದಕ್ಕ ಹೋಗ್ಬ್ಯಾಡ್ರಿ.

ಇನ್ನೊಂದು ವಿಷಯ ನನಗ ಬಾಳ ಇಷ್ಟ, ಇದನ್ನ ಗ್ರಾಮರ್ ಗೈಡಿನ್ಯಾಗ ಅಷ್ಟಾಗಿ ಹೇಳಂಗಿಲ್ಲ. ಆ್ಯಸ್ ಟಾಲ್ ಆ್ಯಸ್ ಅಂದ್ರ ಸರಿಸಮ ಅಂತ ಬರೆದಿರ್ತಾರ. ಪೂರ್ತಿ ಹಂಗಲ್ಲ. ಪೊಲೀಸ್ ಭರ್ತಿಗಿ ಹೊಂಟ ಹುಡುಗನ ಬಗ್ಗೆ 'ಅವರಣ್ಣನಷ್ಟು ಎತ್ತರ ಅದಾನೇನು' ಅಂತ ಕೇಳಿದ್ರ 'ಹೌದ್ರಿ, ಒಂದಿಂಚು ಜಾಸ್ತೀನೇ ಅದಾನ' ಅಂತೀವಿ, 'ಇಲ್ರೀ' ಅನ್ನಂಗಿಲ್ಲ. ಅಂದ್ರ ಅಷ್ಟಂತೂ ಅದಾನ, ಹೆಚ್ಚಿದ್ರೂ ನಡೀತದ ಅಂತ ಅರ್ಥ. ಆದ್ರ ನಾಟ್ ಆ್ಯಸ್ ಟಾಲ್ ಆ್ಯಸ್ ಅಂದ್ರ ಸಮ ಇಲ್ಲ ಅಂತಷ್ಟೇ ಅಲ್ಲ, ಗಿಡ್ಡನೇ ಅದಾನ ಅಂತ. ಕನ್ನಡದಾಗೂ 'ಅಣ್ಣನಷ್ಟು ಎತ್ತರ ಇಲ್ಲ' ಅಂದ್ರ ಯಾರೂ ಅಣ್ಣಗಿಂತ ಎತ್ತರ ಇರ್ಬಹುದು ಅಂತ ತಿಳ್ಕೊಳ್ಳಂಗಿಲ್ಲ. ಮತ್ತ ಅಣ್ಣನಷ್ಟು ಎತ್ತರ ಅಂದ್ರ ಇಬ್ಬರೂ ಎತ್ತರ ಇರ್ಬೇಕಂತಿಲ್ಲ, ಆದ್ರ ಅಣ್ಣನಷ್ಟು ಗಿಡ್ಡ ಅಂದ್ರ ಇಬ್ಬರೂ ಗಿಡ್ಡ ಅಂತ ಆಗೇ ಹೋತು, ಇಂಗ್ಲಿಷಿನ್ಯಾಗೂ ಆ್ಯಸ್ ಶಾರ್ಟ್ ಆ್ಯಸ್ ಅಂದ್ರ ಹಂಗೇ. ಎಲ್ಲೋ ದೂರದ ಎರಡು ಭಾಷಾ ಇಷ್ಟು ಸೂಕ್ಷ್ಮದ ಜಾಗದಾಗ ಒಂದೇ ಥರ ನಡಕೊಳ್ತಾವಲ್ಲ, ಇದನ್ನ ಹೇಳಿದ್ರ ಹುಡುಗುರಿಗಿ ಇಂಗ್ಲಿಷ್ ಅಂದ್ರ ಇರೋ ಅಂಜಿಕಿ ಅರ್ಧ ಇಳೀತದ.

ಪಟ್ಟು ಲೆಕ್ಕಾನೂ ಇಲ್ಲೇ ಸಿಗ್ತದ. ನಾವು ಎರಡರಷ್ಟು, ಮೂರರಷ್ಟು ಅಂತೀವಲ್ಲ, ಅದರಾಗೂ ಅಷ್ಟು ಅದ, ಇಂಗ್ಲಿಷಿನ್ಯಾಗ ಮುಂದ ಸಂಖ್ಯಾ ಇಟ್ಟು ಅದೇ ಆ್ಯಸ್ ಹಚ್ಚಿದ್ರ ಮುಗೀತು, ಟ್ವೈಸ್ ಆ್ಯಸ್ ಮಚ್ ಆ್ಯಸ್, ಥ್ರೀ ಟೈಮ್ಸ್ ಆ್ಯಸ್ ಮೆನಿ ಆ್ಯಸ್, ಹಾಫ್ ಆ್ಯಸ್ ಮಚ್ ಆ್ಯಸ್. ಟ್ವೈಸ್ ಬಿಗ್ಗರ್ ಅನ್ನಬ್ಯಾಡ್ರಿ, ಟ್ವೈಸ್ ಆ್ಯಸ್ ಬಿಗ್ ಅನ್ರಿ. ಮುನಿರಾಬಾದಿನ ತುಂಗಭದ್ರಾ ಡ್ಯಾಂ ತಗೊಳ್ರಿ, ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡೀತಿತ್ತು, ಹೂಳು ತುಂಬಿ ಈಗ ಹಿಡಿಯೋದು 105.788 ಟಿಎಂಸಿ. 'ದ ಡ್ಯಾಂ ಡಸಂಟ್ ಹೋಲ್ಡ್ ಆ್ಯಸ್ ಮಚ್ ವಾಟರ್ ಆ್ಯಸ್ ಇಟ್ ಯೂಸ್ಡ್ ಟು.' ಲೆಕ್ಕ ಹಾಕಿ ಹೇಳ್ಬೇಕಂದ್ರ 'ಅಬೌಟ್ ಫೋರ್ ಫಿಫ್ತ್ಸ್ ಆ್ಯಸ್ ಮಚ್'. ಎಡದಂಡಿ ಕಾಲುವಿ ಕೊನೀ ಭಾಗದ ರೈತರ ಮಕ್ಕಳಿಗಿ ಈ ವಾಕ್ಯ ಬಿಡಿಸಿ ಹೇಳ್ಬೇಕಾಗಿಲ್ಲ.

ಇಷ್ಟು ಬಾಯಾಗ ಕುಂತ ಮ್ಯಾಲೆ 'ಗಿಂತ'ಕ್ಕ ಬರೋದು ಹಗುರ. ನಮ್ಮಲ್ಲಿ ಗಿಂತ ಹಚ್ಚಿದ್ರ ಸಾಕು, ಎತ್ತರ ಎತ್ತರಾನೇ ಇರ್ತದ, ಇಂಗ್ಲಿಷಿನ್ಯಾಗ ದ್ಯಾನ್ ಬಂದ್ರ ಗುಣದ ಪದಾನೂ ಬದಲಾಗ್ಬೇಕು, ಸಣ್ಣ ಪದಕ್ಕ ಇಆರ್, ದೊಡ್ಡ ಪದಕ್ಕ ಮೋರ್, ಎರಡೂ ಒಟ್ಟಿಗಿ ಹಚ್ಚಿ ಮೋರ್ ಬೆಟರ್ ಅನ್ನೋದು ಈಗ ನಡ್ಯಂಗಿಲ್ಲ. ಸೀನಿಯರ್, ಜೂನಿಯರ್, ಸುಪೀರಿಯರ್ ಇವು ಲ್ಯಾಟಿನ್‌ದಿಂದ ಬಂದವು, ಇವಕ್ಕ ದ್ಯಾನ್ ಬರಂಗಿಲ್ಲ, ಟು ಬರ್ತದ.

ಕಡೀಗಿ ಒಂದು ಎಚ್ಚರಿಕಿ. 'ಶಿ ಹೆಲ್ಪ್ಸ್ ಯೂ ಆ್ಯಸ್ ಮಚ್ ಆ್ಯಸ್ ಮಿ' ಅಂದ್ರ ಎರಡು ಅರ್ಥ ಬರ್ತಾವ, ನನಗ ಮಾಡಿದಷ್ಟೇ ನಿನಗೂ ಮಾಡ್ತಾಳ ಅಂತಾನೂ ಆಗ್ತದ, ನಾನು ಮಾಡೋವಷ್ಟೇ ಅಕಿನೂ ನಿನಗ ಮಾಡ್ತಾಳ ಅಂತಾನೂ ಆಗ್ತದ. ಕನ್ನಡದಾಗ ನಾನು, ನನಗ ಅಂತ ಬಿಡಿಸಿ ಹೇಳಿದ್ರ ಜಗಳಾನೇ ಇಲ್ಲ. ಇಂಗ್ಲಿಷಿನ್ಯಾಗ ಬಿಡಿಸೋಕ ಒಂದು ಸಣ್ಣ ಪದ ಬೇಕು, ನಾನು ಮಾಡೋವಷ್ಟು ಅಂದ್ರ 'ಆ್ಯಸ್ ಮಚ್ ಆ್ಯಸ್ ಐ ಡು', ನನಗ ಮಾಡಿದಷ್ಟು ಅಂದ್ರ 'ಆ್ಯಸ್ ಮಚ್ ಆ್ಯಸ್ ಶಿ ಹೆಲ್ಪ್ಸ್ ಮಿ'. ಬರೆಯೋವಾಗ ಈ ಬಾಲ ಕತ್ತರಿಸಬ್ಯಾಡ್ರಿ, ಓದೋರಿಗಿ ನಿಮ್ಮ ಮನಸ್ಸಿನ್ಯಾಗ ಯಾವ ಅರ್ಥ ಇತ್ತು ಅಂತ ಅದೇ ಹೇಳೋದು.