ದೊಡ್ಡಪ್ಪನ ಜೀವಿತ ಪ್ರಮಾಣಪತ್ರ

ಮಾಟುಂಗಾದ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ನನ್ನ ದೊಡ್ಡಪ್ಪನನ್ನು ಕಳೆದ ನವೆಂಬರಿನಲ್ಲಿ ಡೊಂಬಿವಲಿಯ ಬ್ಯಾಂಕ್ ಶಾಖೆಯೊಂದಕ್ಕೆ ಕರೆದೊಯ್ದಿದ್ದೆ. ಪಿಂಚಣಿದಾರರು ತಾವು ಬದುಕಿರುವುದನ್ನು ವರ್ಷಕ್ಕೊಮ್ಮೆ ದೃಢಪಡಿಸಬೇಕೆಂಬುದು ಹಳೆಯ ನಿಯಮ. ಅದನ್ನು ಆಧಾರ್ ಮೂಲಕ ಮಾಡುವ ‘ಜೀವನ್ ಪ್ರಮಾಣ್’ 2014ರ ನವೆಂಬರ್ 10ರಂದು ಆರಂಭವಾಯಿತು.

ಕೌಂಟರಿನ ಯುವಕ ಬೆರಳಚ್ಚಿನ ಯಂತ್ರವನ್ನು ಮುಂದಕ್ಕೆ ಸರಿಸಿದ. ಅರ, ಸುತ್ತಿಗೆ, ಗ್ರೀಸುಗಳ ನಡುವೆ ಆಯುಷ್ಯ ಸವೆಸಿದ ದೊಡ್ಡಪ್ಪನ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿಲ್ಲ. ಹೆಬ್ಬೆರಳು, ತೋರುಬೆರಳು, ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಮತ್ತೆ ಹೆಬ್ಬೆರಳು, ಯಾವುದನ್ನು ಒತ್ತಿದರೂ ಯಂತ್ರ ಒಪ್ಪಲಿಲ್ಲ. ಕಾಗದದ ನಮೂನೆಯನ್ನಾದರೂ ಕೊಡಿ ಎಂದರೆ, ಈಗ ಎಲ್ಲ ಡಿಜಿಟಲ್, ಕಾಗದ ಬಂದ್ ಎಂಬ ಉತ್ತರ ಬಂತು. ನಿಯಮದಲ್ಲಿ ಹಾಗಿಲ್ಲ. ಕಾಗದದ ಪತ್ರವನ್ನು ಇಂದಿಗೂ ಸ್ವೀಕರಿಸಬೇಕು, 2021ರ ನವೆಂಬರಿನಿಂದ ಮುಖ ತೋರಿಸಿ ದೃಢೀಕರಿಸುವ ಅನುಕೂಲವೂ ಇದೆ. ಆದರೆ ಡಿಜಿಟಲ್ ಎಷ್ಟಾಯಿತೆಂದು ಮಾತ್ರ ಮೇಲಿನವರು ಕೇಳುತ್ತಿದ್ದರೆ, ಕೆಳಗಿನವರಿಗೆ ಕಾಗದ ನಿಷಿದ್ಧವಾಗಿಯೇ ಕಾಣುತ್ತದೆ. ಆ ಹುಡುಗನನ್ನು ದೂರಲು ನನಗೆ ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಪಕ್ಕದ ಮೇಜಿನ ಅಧಿಕಾರಿಣಿ “ಕಾಕಾ, ಇಕಡೆ ಯಾ” ಎಂದು ಕರೆದು ಕುರ್ಚಿ ಕೊಟ್ಟರು. ತಮ್ಮ ಸ್ವಂತ ಮೊಬೈಲಿನಲ್ಲಿ ಆ್ಯಪ್ ತೆರೆದು, ಪಿಂಚಣಿಯ ವಿವರಗಳನ್ನು ಒಂದೊಂದಾಗಿ ತುಂಬಿ, ದೊಡ್ಡಪ್ಪನ ಕನ್ನಡಕ ತೆಗೆಸಿ, ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ, ರೆಪ್ಪೆ ಬಡಿಯುವಂತೆ ಹೇಳಿದರು. ದೊಡ್ಡಪ್ಪ ಗಾಬರಿಯಿಂದ ಕಣ್ಣನ್ನೇ ಬಿಗಿಯಾಗಿ ಮುಚ್ಚಿಕೊಂಡರು. ಆಕೆ ನಗುತ್ತಾ ತಾವೇ ರೆಪ್ಪೆ ಬಡಿದು ತೋರಿಸಿದ ಮೇಲೆ ಕೆಲಸ ಆಯಿತು, ಪ್ರಮಾಣ ಸಂಖ್ಯೆಯ ಸಂದೇಶವೂ ಬಂತು.

ಈ ಅನುಕೂಲವನ್ನು ತಿಳಿಸುವ ಫಲಕವೊಂದನ್ನು ಬಾಗಿಲಲ್ಲೇ ಹಾಕಬಾರದೇ ಎಂದು ಕೇಳಿದೆ. ಫಲಕಗಳೇನಿದ್ದರೂ ಪ್ರಾದೇಶಿಕ ಕಚೇರಿಯಿಂದಲೇ ಬರಬೇಕಂತೆ. ಈ ಕೆಲಸಕ್ಕೆಂದು ಶಾಖೆಗೆ ಬೇರೆ ಮೊಬೈಲನ್ನೂ ಕೊಟ್ಟಿಲ್ಲವಂತೆ. ದೆಹಲಿಯಲ್ಲಿ ಸಿದ್ಧವಾದ ತಂತ್ರಾಂಶವೊಂದು ವರ್ಷಗಳ ನಂತರವೂ ಆ ಕಟ್ಟಡದೊಳಗೆ ನಡೆಯುತ್ತಿದ್ದುದು ಒಬ್ಬ ನೌಕರಳ ಸ್ವಂತ ಫೋನು, ಸ್ವಂತ ಡೇಟಾ ಮತ್ತು ಊಟದ ವಿರಾಮದಿಂದ ಕಡಿದುಕೊಟ್ಟ ಸಮಯದ ಮೇಲೆ.

ಮೆಟ್ಟಿಲಿಳಿಯುವಾಗ ದೊಡ್ಡಪ್ಪ, “ಬರೋ ವರ್ಷದೊಳಗೆ ಈ ಮ್ಯಾಡಂಗೆ ಟ್ರಾನ್ಸ್‌ಫರ್ ಆದ್ರೆ ಏನ್ ಮಾಡೋದು?” ಎಂದರು. ಅಂದು ಸಂಜೆಯೇ ಆ ಆ್ಯಪನ್ನು ನನ್ನ ಫೋನಿಗೆ ಹಾಕಿಕೊಂಡೆ. ದೊಡ್ಡಪ್ಪ ಸೊಸೈಟಿಯಲ್ಲೆಲ್ಲ ಸುದ್ದಿ ಹೇಳಿದ್ದರಿಂದ, ಭಾನುವಾರ ಬೆಳಗ್ಗೆ ನೆರೆಮನೆಯ ಪಿಂಚಣಿದಾರರು ಆಧಾರ್ ಕಾರ್ಡ್ ಹಿಡಿದು ನಮ್ಮ ಮನೆಗೇ ಬಂದರು.