ಷರತ್ತು ಹಾಕೋದು ಬರೀ ಅವರೇನಾ?

ವೆಬ್‌ಸೈಟಿನವರು ಮಾರುದ್ದ ಷರತ್ತು ಮುಂದಿಡುತ್ತಾರೆ, ನಾವು ಓದದೇ 'ಒಪ್ಪಿದೆ' ಒತ್ತುತ್ತೇವೆ. ದಿನಾ ನಡೆಯೋದೇ ಇದು. ಇದನ್ನು ಉಲ್ಟಾ ಮಾಡಬೇಕು, ಅಂದರೆ ನಮ್ಮ ಷರತ್ತನ್ನು ಬ್ರೌಸರ್‌ಗೆ ಒಂದು ಸಲ ಹೇಳಿಟ್ಟರೆ ಅದೇ ಎಲ್ಲ ಸೈಟುಗಳಿಗೂ ಹೇಳಿಕೊಂಡು ಹೋಗಬೇಕು ಅನ್ನೋ ಯೋಚನೆ ಇಪ್ಪತ್ತು ವರ್ಷಕ್ಕಿಂತ ಹಳೆಯದು.

ಮೊದಲು ಬಂದದ್ದು ಪಿ3ಪಿ, ಅಂದರೆ 'ಪ್ಲಾಟ್‌ಫಾರ್ಮ್ ಫಾರ್ ಪ್ರೈವಸಿ ಪ್ರಿಫರೆನ್ಸಸ್'. 2002ರಲ್ಲಿ ವೆಬ್‌ಗೆ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಇದಕ್ಕೆ ಒಪ್ಪಿಗೆ ಕೊಟ್ಟಿತು. ಸೈಟು ತನ್ನ ನೀತಿಯನ್ನು ಪುಟ್ಟ ಸಂಕೇತಗಳಲ್ಲಿ ಕಳಿಸಬೇಕು, ನಮ್ಮ ಸೆಟ್ಟಿಂಗ್‌ಗೆ ಹೊಂದದಿದ್ದರೆ ಬ್ರೌಸರ್ ಕುಕಿಯನ್ನು (ನಮ್ಮ ಗುರುತು ಇಟ್ಟುಕೊಳ್ಳಲು ಸೈಟು ನಮ್ಮ ಬ್ರೌಸರ್‌ನಲ್ಲಿ ಇಡುವ ಪುಟ್ಟ ಮಾಹಿತಿ) ತಡೆಯಬೇಕು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಇದನ್ನು ನಂಬಿಕೊಂಡಿತ್ತು. ಮಜಾ ಏನು ಗೊತ್ತಾ? ಗುರುತಿಲ್ಲದ ಪದ ಕಂಡರೆ ಅದು ಸುಮ್ನೆ ದಾಟಿಕೊಂಡು ಹೋಗುತ್ತಿತ್ತು. ಗೂಗಲ್ ಆ ಜಾಗದಲ್ಲಿ 'ಇದು ಪಿ3ಪಿ ನೀತಿಯಲ್ಲ!' ಅಂತಲೇ ಬರೆದು ಕಳಿಸುತ್ತಿತ್ತು. ಕುಕಿ ರಾಜಾರೋಷವಾಗಿ ಒಳಗೆ! 2012ರಲ್ಲಿ ಮೈಕ್ರೋಸಾಫ್ಟ್ ಇದನ್ನು ಬಹಿರಂಗವಾಗಿ ಹೇಳಿ ಜಗಳ ತೆಗೆಯಿತು.

ಆಮೇಲೆ 'ಡು ನಾಟ್ ಟ್ರ್ಯಾಕ್', ಅಂದರೆ 'ಹಿಂಬಾಲಿಸಬೇಡಿ', ಬಂತು. ಇದು ಇನ್ನೂ ಸರಳ. ಪುಟ ಕೇಳುವಾಗ ಬ್ರೌಸರ್ 'ಡಿಎನ್‌ಟಿ: 1' ಅಂತ ಒಂದೇ ಸಾಲು ಸೇರಿಸುತ್ತದೆ, ಅಷ್ಟೇ. 2011ರಲ್ಲಿ ಫೈರ್‌ಫಾಕ್ಸ್ ಇದನ್ನು ತಂದಿತು. ಮರುವರ್ಷ ಮೈಕ್ರೋಸಾಫ್ಟ್ ತನ್ನ ಹೊಸ ಬ್ರೌಸರ್‌ನಲ್ಲಿ ತಾನಾಗೇ ಆನ್ ಮಾಡಿಟ್ಟಿತು ನೋಡಿ, ಇದು ಬಳಸುವವರ ಆಯ್ಕೆಯಲ್ಲ, ಕಂಪನಿಯ ಆಯ್ಕೆ ಅಂತ ಜಾಹೀರಾತಿನವರು ಕೊಸರಾಡಿದರು. ನನ್ನ ಪ್ರಕಾರ ಅದೊಂದು ನೆಪ. ಆಫ್ ಇದ್ದಾಗ ಮಾತ್ರ ಅದು ನಮ್ಮ ಆಯ್ಕೆ ಆಗಿತ್ತಾ? ಸೈಟಿನವರು ಈ ಮಾತು ಪಾಲಿಸದಿದ್ದರೆ ದಂಡ ಹಾಕುವವರೂ ಇರಲಿಲ್ಲ. 2019ರಲ್ಲಿ ಸಫಾರಿ ಈ ಸೌಲಭ್ಯ ತೆಗೆದುಹಾಕಿತು, ಏಕೆಂದರೆ 'ಹಿಂಬಾಲಿಸಬೇಡಿ' ಅನ್ನೋ ಆ ಸಾಲೇ ನಮ್ಮನ್ನು ಗುರುತು ಹಿಡಿಯೋದಕ್ಕೆ ಇನ್ನೊಂದು ಸುಳಿವಾಗಬಹುದಿತ್ತು.

ಈಗ ಇರೋದು ಗ್ಲೋಬಲ್ ಪ್ರೈವಸಿ ಕಂಟ್ರೋಲ್, 2020ರದ್ದು. ತಾಂತ್ರಿಕವಾಗಿ ಹೆಚ್ಚುಕಮ್ಮಿ ಅದೇ ಒಂದು ಸಾಲು. ಆದರೆ ಬೆನ್ನಿಗೆ ಕ್ಯಾಲಿಫೋರ್ನಿಯಾದ ಕಾನೂನಿದೆ: ಈ ಸೂಚನೆ ಬಂದರೆ ಮಾಹಿತಿ ಮಾರುವಂತಿಲ್ಲ. 2022ರಲ್ಲಿ ಸೆಫೋರಾ ಅನ್ನೋ ಸೌಂದರ್ಯವರ್ಧಕಗಳ ಕಂಪನಿ ಇದಕ್ಕೆ ಕಿವಿಗೊಡಲಿಲ್ಲ ಅನ್ನೋ ಆರೋಪವೂ ಸೇರಿದ್ದ ಪ್ರಕರಣದಲ್ಲಿ 12 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು.

ನಮ್ಮಲ್ಲಿ? ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರ ಕೇಸಿನಲ್ಲೇ. 2023ರ ಡೇಟಾ ರಕ್ಷಣಾ ಕಾಯ್ದೆ ಪ್ರಕಾರ ಒಪ್ಪಿಗೆ ಕೇಳುವ ನೋಟಿಸನ್ನು ಕನ್ನಡದಲ್ಲೂ ಓದುವ ಅವಕಾಶ ಕೊಡಬೇಕು. ಒಳ್ಳೆಯದೇ. ಆದರೆ ಬ್ರೌಸರ್ ಕಳಿಸುವ 'ಬೇಡ'ವನ್ನು ಪಾಲಿಸಲೇಬೇಕು ಅಂತ ಆ ಕಾಯ್ದೆಯಲ್ಲಿಲ್ಲ. ನೂರು ಸೈಟು ನೂರು ಸಲ ಕನ್ನಡದಲ್ಲಿ ಕೇಳೋದಕ್ಕಿಂತ, ನಾನು ಒಮ್ಮೆ ಹೇಳಿದ್ದನ್ನು ಅವರು ಕೇಳಿಸಿಕೊಳ್ಳೋದು ಜಾಸ್ತಿ ಉಪಯೋಗ ಅಲ್ವಾ?

ಫೈರ್‌ಫಾಕ್ಸ್‌ನಲ್ಲಿ ಈ ಗ್ಲೋಬಲ್ ಪ್ರೈವಸಿ ಕಂಟ್ರೋಲ್ ಪ್ರೈವಸಿ ಸೆಟ್ಟಿಂಗ್‌ನಲ್ಲಿ ಸಿಗುತ್ತದೆ, ಬ್ರೇವ್ ಬ್ರೌಸರ್‌ನಲ್ಲಿ ಆನ್ ಆಗೇ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರು ಮೊದಲು ಆನ್ ಮಾಡಿಕೊಳ್ಳಿ, ನಿಮಗೆ ಕಾನೂನಿನ ಬಲ ಇದೆ. ಇಲ್ಲಿ ನಾನೂ ಆನ್ ಮಾಡಿಟ್ಟಿದ್ದೇನೆ, ಕೇಳುವವರು ಕೇಳಲಿ ಅಂತ.