ಡೆತ್ ವ್ಯಾಲಿಯಲ್ಲಿ ಕ್ಯಾಮೆರಾ ಹೊತ್ತು ನಡೆದದ್ದು

ಲಾಸ್ ವೇಗಾಸ್‌ಗೆ ಹೋದ ನಮ್ಮ ಜನ ಸಾಮಾನ್ಯವಾಗಿ ಅಲ್ಲಿಂದ ಪೂರ್ವಕ್ಕೆ ತಿರುಗುತ್ತಾರೆ, ಗ್ರ್ಯಾಂಡ್ ಕ್ಯಾನಿಯನ್ ನೋಡೋಕೆ. ಊರಿಂದ ಅಪ್ಪ ಅಮ್ಮ ಬಂದಿದ್ದರಂತೂ ಕೇಳೋದೇ ಬೇಡ. ನಾನು ಮತ್ತು ನನ್ನ ಗೆಳೆಯ ಫೆಬ್ರವರಿಯಲ್ಲಿ ಪಶ್ಚಿಮಕ್ಕೆ ತಿರುಗಿದೆವು, ಕ್ಯಾಲಿಫೋರ್ನಿಯಾದ ಮರುಭೂಮಿ ಕಣಿವೆ ಡೆತ್ ವ್ಯಾಲಿ ನ್ಯಾಷನಲ್ ಪಾರ್ಕ್ ಕಡೆಗೆ. ಪರಂಪ್ ಅನ್ನುವ ಊರಲ್ಲಿ ಟ್ಯಾಂಕ್ ತುಂಬಿಸಿಕೊಂಡೆವು, ಯಾಕಂದ್ರೆ ಕಣಿವೆಯೊಳಗೆ ಪೆಟ್ರೋಲ್ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ನೀರಿನ ಕ್ಯಾನ್‌ಗಳನ್ನು ಡಿಕ್ಕಿಗೆ ಹೇರಿದೆವು. ತಲೆಗೆ ದಿನಕ್ಕೆ ಸುಮಾರು 4 ಲೀಟರ್ ಬೇಕು ಅಂತ ಪಾರ್ಕಿನವರೇ ಹೇಳುತ್ತಾರೆ. ಅಲ್ಲಿಂದ ಒಂದು ತಾಸು ಓಡಿಸಿದರೆ ಡೆತ್ ವ್ಯಾಲಿ.

ಇಲ್ಲಿನ ಫೋಟೋಗಳನ್ನು ಎಲ್ಲರೂ ನೋಡಿರುತ್ತೀರಿ. ಮರಳಿನ ಅಲೆ, ಬಿಳಿ ಉಪ್ಪಿನ ಬಯಲು, ಹಳದಿ ಗುಡ್ಡ. ಅವುಗಳಲ್ಲಿ ಜಾಸ್ತಿ ಪಾಲು ಕಾರು ನಿಲ್ಲಿಸಿದ ಜಾಗದಿಂದ ಕೂಗಳತೆಯಲ್ಲೇ ತೆಗೆದವು. ತಪ್ಪೇನಿಲ್ಲ, ಜಾಗವೇ ಹಾಗಿದೆ. ರಸ್ತೆ ಪಕ್ಕ ನಿಂತು ಒತ್ತಿದರೂ ಕ್ಯಾಲೆಂಡರ್‌ಗೆ ಆಗುವಂಥ ಚಿತ್ರ ಸಿಗುತ್ತದೆ. ನಮಗೆ ಮಾತ್ರ ಅದೇ ತಕರಾರು. ಎಲ್ಲರ ಹತ್ತಿರವೂ ಅದೇ ಚಿತ್ರ ಇದ್ದರೆ ನಾವು ಮತ್ತೆ ಅಷ್ಟು ದೂರ ಹೋಗಿ ತೆಗೆಯೋದು ಯಾಕೆ? ಹಾಗಾಗಿ ವ್ಯೂಪಾಯಿಂಟ್‌ಗಳನ್ನು ಆದಷ್ಟು ಬಿಟ್ಟು ನಡೆಯೋದು ಅಂತ ತೀರ್ಮಾನ ಮಾಡಿಕೊಂಡೇ ಹೊರಟಿದ್ದೆವು.

ನಡೆಯಬೇಕು ಅಂದರೆ ಚಳಿಗಾಲವೇ ಸರಿ. 1913ರ ಜುಲೈ 10ರಂದು ಇಲ್ಲಿನ ಫರ್ನೇಸ್ ಕ್ರೀಕ್‌ನಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಭೂಮಿಯ ಮೇಲೆ ದಾಖಲಾದ ಗರಿಷ್ಠ ಉಷ್ಣಾಂಶ ಅಂತ ಇವತ್ತಿಗೂ ಅದನ್ನೇ ಹೇಳುತ್ತಾರೆ, ಅದರ ಬಗ್ಗೆ ತಕರಾರು ತೆಗೆಯುವವರೂ ಇದ್ದಾರೆ. ಬೇಸಿಗೆಯಲ್ಲಿ ಬೆಳಗ್ಗೆ 10 ಗಂಟೆ ಮೇಲೆ ತಗ್ಗು ಪ್ರದೇಶದಲ್ಲಿ ನಡೆಯಬೇಡಿ ಅಂತ ಬೋರ್ಡೇ ಇದೆ. ಫೆಬ್ರವರಿಯಲ್ಲಿ ಹಗಲು 22, 23 ಡಿಗ್ರಿ. ರಾತ್ರಿ ಸ್ವೆಟರ್ ಬೇಕು.

ಮಳೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್, ಅಷ್ಟೇ. ಆಗುಂಬೆಯಲ್ಲಿ ಸುರಿದು ಖಾಲಿಯಾದ ಮೋಡ ಚಳ್ಳಕೆರೆಗೆ ಬರುವಾಗ ಏನೂ ಉಳಿಸಿಕೊಂಡಿರುವುದಿಲ್ಲ, ಅಲ್ವಾ? ಇಲ್ಲಿನ ಲೆಕ್ಕವೂ ಅದೇ. ಪೆಸಿಫಿಕ್ ಸಮುದ್ರದಿಂದ ಬರುವ ಮೋಡ ಸಿಯೆರಾ ನೆವಾಡ ಸೇರಿದಂತೆ ಒಂದರ ಹಿಂದೊಂದು ಬೆಟ್ಟಸಾಲು ಹತ್ತಿಳಿದು ಬರಬೇಕು. ಕಣಿವೆಗೆ ತಲುಪೋದು ಒಣಗಾಳಿ. ಗಾಳಿಯಲ್ಲಿ ತೇವ ಇಲ್ಲದ್ದರಿಂದ ಫೋಟೋ ತೆಗೆಯುವವರಿಗೆ ಒಂದು ಲಾಭ, ಒಂದು ಕಷ್ಟ. ನೂರು ಕಿಲೋಮೀಟರ್ ಆಚೆಯ ಬೆಟ್ಟದ ಮಡಿಕೆಯೂ ಚೂಪಾಗಿ ಕಾಣುತ್ತದೆ. ಮಧ್ಯಾಹ್ನದ ಬಿಸಿಲು ಮಾತ್ರ ಎಲ್ಲವನ್ನೂ ಚಪ್ಪಟೆ ಮಾಡಿಬಿಡುತ್ತದೆ.

ಮೊದಲು ಹೋಗಿದ್ದು ಸ್ಟೋವ್‌ಪೈಪ್ ವೆಲ್ಸ್ ಅನ್ನುವ ಸಣ್ಣ ವಸತಿಯ ಪಕ್ಕದ ಮೆಸ್ಕೀಟ್ ಫ್ಲ್ಯಾಟ್ ಮರಳು ದಿಬ್ಬಗಳಿಗೆ. ಮೆಸ್ಕೀಟ್ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿ. ಅದೇ ಮುಳ್ಳು, ಅದೇ ಕಾಯಿ, ಅದೇ ಮೊಂಡುತನ. ಇಲ್ಲಿ ಅದು ಊರಿನ ಮರ, ಇಲ್ಲಿನ ಮೂಲನಿವಾಸಿ ಟಿಂಬಿಷಾ ಶೋಶೋನಿ ಜನ ಅದರ ಕಾಯಿ ಕುಟ್ಟಿ ಹಿಟ್ಟು ಮಾಡಿಕೊಳ್ಳುತ್ತಿದ್ದರು. ನಮ್ಮಲ್ಲಿ ಅದರ ಸೋದರನಿಗೆ ಎಲ್ಲರೂ ಶಾಪ ಹಾಕುತ್ತೇವೆ.

ಬೆಳಕು ಹರಿಯೋಕೆ ಒಂದು ಗಂಟೆ ಮುಂಚೆ ತಲೆಗೆ ಲೈಟ್ ಕಟ್ಟಿಕೊಂಡು ಹೊರಟೆವು. ಪಾರ್ಕಿಂಗ್ ಹತ್ತಿರದ ದಿಬ್ಬಗಳ ಮೇಲೆ ಹಿಂದಿನ ದಿನದ ಹೆಜ್ಜೆಗಳು ಜಾತ್ರೆ ಮುಗಿದ ಬಯಲಿನ ಥರ ಉಳಿದಿದ್ದವು. ರಾತ್ರಿ ಜೋರು ಗಾಳಿ ಬೀಸಿದ್ದರೆ ಎಲ್ಲ ಅಳಿಸಿಹೋಗುತ್ತೆ. ಬೀಸಿರಲಿಲ್ಲ. ಹಾಗಾಗಿ ಹೆಜ್ಜೆ ಮುಗಿಯುವವರೆಗೆ ನಡೆಯಲೇಬೇಕು. ಮರಳಲ್ಲಿ ನಡೆಯೋಕೆ ಒಂದು ಉಪಾಯ ಇದೆ, ದಿಬ್ಬದ ಇಳಿಜಾರು ಹತ್ತದೆ ಬೆನ್ನಿನ ಮೇಲೆ ಹೋಗಬೇಕು, ಅಲ್ಲಿ ಮರಳು ಗಟ್ಟಿ. ಆದರೆ ಆ ಬೆನ್ನಿನ ಗೆರೆಯೇ ಚಿತ್ರದ ಪ್ರಾಣ. ಅದರ ಮೇಲೆ ನಡೆದರೆ ನಿಮ್ಮ ಚಿತ್ರವೂ ಹೋಯಿತು, ಹಿಂದೆ ಬರುವವರದ್ದೂ ಹೋಯಿತು. ನಾವು ದಿಬ್ಬಗಳ ನಡುವಿನ ತಗ್ಗಲ್ಲೇ ಸುತ್ತಿ ಸುತ್ತಿ ಹೋದೆವು.

ಆ ತಗ್ಗುಗಳಲ್ಲಿ ಮರಳು ಸರಿದು ಹಳೆಯ ಕೆರೆಯ ತಳ ಬಯಲಾಗಿದೆ. ಬಿರುಕು ಬಿಟ್ಟ ಜೇಡಿಮಣ್ಣು, ಒಂದೊಂದು ಬಿಲ್ಲೆ ಅಂಗೈಯಷ್ಟು, ಅಂಚು ಮೇಲಕ್ಕೆ ಸುರುಟಿಕೊಂಡಿದೆ. ಟಾರ್ಚನ್ನು ನೆಲಕ್ಕೆ ಒರಗಿಸಿ ಹಿಡಿದರೆ ಮರಳಿನ ಮೇಲೆ ಹುಳವೊಂದು ನಡೆದ ಸಾಲು ಕಾಣುತ್ತದೆ, ಹೊಲಿಗೆ ಹಾಕಿದಷ್ಟು ನೀಟಾಗಿ. ಪೊದೆಯ ಬುಡದಿಂದ ಕಾಂಗರೂ ಇಲಿ ಕುಪ್ಪಳಿಸಿದ ಜೋಡಿ ಗುರುತು ಹೊರಟು, ಇನ್ನೊಂದು ಪೊದೆಯ ಬುಡದಲ್ಲಿ ಮುಗಿಯುತ್ತದೆ. ಈ ಇಲಿ ನೀರು ಕುಡಿಯದೆಯೇ ಬದುಕಬಲ್ಲದು, ತಿನ್ನುವ ಬೀಜದಿಂದಲೇ ಬೇಕಾದಷ್ಟು ತೇವ ಮಾಡಿಕೊಳ್ಳುತ್ತದೆ. ನಾವು ಬೆನ್ನ ಮೇಲೆ ಲೀಟರ್‌ಗಟ್ಟಲೆ ಹೊತ್ತಿದ್ದೆವು.

ಸೂರ್ಯ ಬರುವ ಮುಂಚಿನ ಹೊತ್ತಲ್ಲಿ ಎಲ್ಲರೂ ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಪಶ್ಚಿಮಕ್ಕೆ ತಿರುಗಿ ನೋಡಬೇಕು. ಬೆಟ್ಟಗಳ ಮೇಲೆ ಒಂದು ನೀಲಿಬೂದು ಪಟ್ಟಿ, ಅದರ ಮೇಲೆ ಗುಲಾಬಿ ಪಟ್ಟಿ. ಆ ನೀಲಿಬೂದು ಅನ್ನೋದು ಭೂಮಿಯದೇ ನೆರಳು, ವಾತಾವರಣದ ಮೇಲೆ ಬಿದ್ದಿರೋದು. ನೋಡನೋಡುತ್ತಾ ಅದು ಕೆಳಗಿಳಿಯುತ್ತದೆ. ಆಮೇಲೆ ಬೆಟ್ಟದ ತುದಿಗೆ ಕೆಂಪು ಹತ್ತುತ್ತದೆ. ಆ ಕೆಂಪು ಇಳಿದು ಇಳಿದು ದಿಬ್ಬಕ್ಕೆ ಮುಟ್ಟಿದ ಮೇಲೆ ಕೆಲಸ ಮಾಡೋಕೆ ಸಿಗೋದು ಇಪ್ಪತ್ತು ನಿಮಿಷವೇನೋ. ದಿಬ್ಬದ ಒಂದು ಮಗ್ಗುಲು ಬಂಗಾರ, ಇನ್ನೊಂದು ಮಗ್ಗುಲು ಕಡುನೀಲಿ, ನಡುವೆ ಬ್ಲೇಡಿನಲ್ಲಿ ಕೊಯ್ದಂಥ ಗೆರೆ. 1940ರ ದಶಕದಲ್ಲಿ ಅಮೆರಿಕದ ಹೆಸರಾಂತ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಇದೇ ದಿಬ್ಬಗಳನ್ನು ಕಪ್ಪು ಬಿಳುಪಿನಲ್ಲಿ ಹಿಡಿದರು. ಆ ಭಾರದ ಕ್ಯಾಮೆರಾ, ಸ್ಟ್ಯಾಂಡು ಎಲ್ಲ ಹೊತ್ತು ಈ ಮರಳಲ್ಲಿ ನಡೆದ ಮನುಷ್ಯನ ಬಗ್ಗೆ ನನಗೆ ಚಿತ್ರಕ್ಕಿಂತ ಜಾಸ್ತಿ ಗೌರವ ಬಂತು.

ಲೆನ್ಸ್ ವಿಷಯದಲ್ಲಿ ನನ್ನದೊಂದು ವಾದ ಇದೆ. ಮರುಭೂಮಿ ಅಂದ ಕೂಡಲೇ ಜನ ವೈಡ್ ಆ್ಯಂಗಲ್ ಹಾಕುತ್ತಾರೆ, ಎಲ್ಲ ಬರಬೇಕು ಅಂತ. ಎಲ್ಲ ಬರುತ್ತದೆ, ಆದರೆ ಇಷ್ಟಿಷ್ಟೇ ಆಗಿ ಬರುತ್ತದೆ. ಮೂವತ್ತು ಮೀಟರ್ ಎತ್ತರದ ದಿಬ್ಬ ಹಿಂದಿನ ಬೆಟ್ಟದ ಕೆಳಗೆ ಒಂದು ಮಡಿಕೆ ಆಗಿಬಿಡುತ್ತೆ. ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸ್ ಹಾಕಿ, 200, 300 ಮಿಲಿಮೀಟರ್. ದೂರದ ದಿಬ್ಬಗಳು ಒಂದರ ಮೇಲೊಂದು ಕೂರುತ್ತವೆ, ನೆರಳುಗಳು ಜೋಡಿಯಾಗುತ್ತವೆ, ಮೂಲೆಯಲ್ಲಿ ನಡೆಯುವ ಒಬ್ಬ ಮನುಷ್ಯ ಅಳತೆಗೋಲಾಗುತ್ತಾನೆ. ಗೆಳೆಯ ಒಪ್ಪಲಿಲ್ಲ. ಅವನು ಬಿರುಕಿನ ಜೇಡಿಮಣ್ಣಿನ ಮೇಲೆ ಮಕಾಡೆ ಮಲಗಿ ವೈಡ್‌ನಲ್ಲೇ ತೆಗೆದ. ಆ ಒಂದು ಚಿತ್ರದ ಮಟ್ಟಿಗೆ ಅವನದೇ ಸರಿ ಅಂತ ಇಲ್ಲಿ ಬರೆದುಬಿಡುತ್ತೇನೆ, ಅವನ ಮುಂದೆ ಹೇಳಲ್ಲ.

ಮರಳಲ್ಲಿ ಲೆನ್ಸ್ ಬದಲಾಯಿಸೋದು ಬೇಡ. ಗಾಳಿ ಇಲ್ಲ ಅನಿಸಿದರೂ ಮೊಣಕಾಲಿನ ಎತ್ತರದಲ್ಲಿ ಸಣ್ಣ ಕಣ ಓಡಾಡುತ್ತಲೇ ಇರುತ್ತವೆ. ಟ್ರೈಪಾಡಿನ ಕಾಲನ್ನು ಯಾವಾಗಲೂ ಕೆಳಗಿನ ಭಾಗದಿಂದ ಬಿಚ್ಚಬೇಕು, ಆಗ ಲಾಕುಗಳು ಮರಳಿಗಿಂತ ಮೇಲೆ ಉಳಿಯುತ್ತವೆ. ಒಮ್ಮೆ ಕಣ ಒಳಗೆ ಸೇರಿದರೆ ತಿರುಗಿಸುವಾಗಲೆಲ್ಲ ಕರಕರ ಸದ್ದು, ಹಲ್ಲು ಜುಮ್ ಅನ್ನುತ್ತೆ.

ಗೋಲ್ಡನ್ ಕ್ಯಾನಿಯನ್‌ಗೆ ಮಧ್ಯಾಹ್ನ ಮೂರರ ಮೇಲೆ ಇಳಿದೆವು. ಇಕ್ಕಟ್ಟು ಕಣಿವೆ, ಎರಡೂ ಕಡೆ ಹಳದಿ ಮಣ್ಣಿನ ಗೋಡೆ, ಕೊನೆಯಲ್ಲಿ ರೆಡ್ ಕೆಥೆಡ್ರಲ್ ಅನ್ನುವ ಕೆಂಪು ಬಂಡೆಸಾಲು. ನಡೆಯುತ್ತಾ ಹೋದರೆ ಕಾಲಡಿ ಟಾರಿನ ತುಂಡು ಸಿಗುತ್ತದೆ. ಮೊದಲು ಇದರೊಳಗೆ ಕಾರು ಹೋಗುವ ರಸ್ತೆ ಇತ್ತು. 1976ರ ಫೆಬ್ರವರಿಯಲ್ಲಿ ನಾಲ್ಕು ದಿನದ ಮಳೆ ಬಂತು, ಒಟ್ಟು 6 ಸೆಂಟಿಮೀಟರ್‌ನಷ್ಟು. ನಮ್ಮ ಕಡೆ ಶಾಲೆಗೆ ರಜೆಯೂ ಕೊಡದಂಥ ಮಳೆ. ಇಲ್ಲಿ ಬೋಳು ಗುಡ್ಡ ನೀರು ಹೀರುವುದಿಲ್ಲ, ಅಷ್ಟೂ ನೀರು ಈ ಸಂದಿಯಲ್ಲೇ ನುಗ್ಗಿ ರಸ್ತೆಯನ್ನು ಕಿತ್ತುಕೊಂಡು ಹೋಯಿತು. ಮತ್ತೆ ರಸ್ತೆ ಮಾಡಲಿಲ್ಲ. ಫೋಟೋ ತೆಗೆಯುವವರ ಪುಣ್ಯ.

ಕಣಿವೆಯೊಳಗೆ ನೇರ ಬಿಸಿಲು ಬೀಳುವ ಗೋಡೆಗಿಂತ ಅದರ ಎದುರಿನ ನೆರಳಿನ ಗೋಡೆ ಚೆಂದ. ಬಿಸಿಲಿನ ಗೋಡೆಯಿಂದ ಹೊಮ್ಮಿದ ಹಳದಿ ಬೆಳಕು ನೆರಳಿಗೆ ಬಿದ್ದು ಕಲ್ಲೇ ಒಳಗಿಂದ ಉರಿಯುವ ಹಾಗೆ ಕಾಣುತ್ತದೆ. ಕ್ಯಾಮೆರಾವನ್ನು ಆಟೋ ವೈಟ್ ಬ್ಯಾಲೆನ್ಸ್‌ನಲ್ಲಿ, ಅಂದರೆ ಬಣ್ಣ ಸರಿಹೊಂದಿಸೋದನ್ನು ಅದಕ್ಕೇ ಬಿಟ್ಟರೆ, ಆ ಹಳದಿಯನ್ನು ಅದು ದೋಷ ಅಂದುಕೊಂಡು ತೆಗೆದುಹಾಕುತ್ತೆ. ಡೇಲೈಟ್‌ಗೆ ಇಟ್ಟುಬಿಡಿ. ವಾಪಸ್ ಬರುವಾಗ ಗೋವರ್ ಗಲ್ಚ್ ಅನ್ನುವ ಪಕ್ಕದ ಕೊರಕಲಿನ ಕಡೆಯಿಂದ ಸುತ್ತಿದೆವು, ಒಟ್ಟು ಏಳು ಕಿಲೋಮೀಟರ್ ಸುತ್ತು. 1941ರಲ್ಲಿ ಫರ್ನೇಸ್ ಕ್ರೀಕ್ ವಸತಿಯನ್ನು ಪ್ರವಾಹದಿಂದ ಉಳಿಸೋಕೆ ಒಂದು ಹಳ್ಳವನ್ನೇ ಈ ಕಡೆ ತಿರುಗಿಸಿದ್ದರು. ಅವತ್ತಿನಿಂದ ಗೋವರ್ ಗಲ್ಚ್ ಕೊರೆದು ಕೊರೆದು ಆಳವಾಗುತ್ತಲೇ ಇದೆ.

ಝಬ್ರಿಸ್ಕಿ ಪಾಯಿಂಟ್ ಅನ್ನುವ ವ್ಯೂಪಾಯಿಂಟ್ ಬಗ್ಗೆ ಜಾಸ್ತಿ ಹೇಳಲ್ಲ. ಸೂರ್ಯೋದಯಕ್ಕೆ ಅಲ್ಲಿ ಟ್ರೈಪಾಡುಗಳ ಕಾಡು. ಕೆರೆಯೊಂದರ ಲಕ್ಷಾಂತರ ವರ್ಷದ ಹೂಳು ಗಟ್ಟಿಯಾಗಿ, ಮೇಲೆದ್ದು, ಮಳೆಗೆ ಕೊರೆದು ಆದ ಗುಡ್ಡಗಳು ಅವು. ಮಧ್ಯದಲ್ಲಿ ಮ್ಯಾನ್ಲಿ ಬೀಕನ್ ಅನ್ನುವ ಚೂಪು ಶಿಖರ. ಯಾರೋ ಡ್ರೋನ್ ಹಾರಿಸಿದರು. ಅಮೆರಿಕದ ನ್ಯಾಷನಲ್ ಪಾರ್ಕುಗಳಲ್ಲಿ ಅದಕ್ಕೆ ನಿಷೇಧ ಇದೆ, ದಂಡವೂ ಇದೆ. ಅಲ್ಲಿದ್ದ ಒಬ್ಬರು ವಯಸ್ಸಾದ ಹೆಂಗಸು ಗದರಿದ ರೀತಿಗೆ ಡ್ರೋನ್ ತಾನಾಗಿಯೇ ಇಳಿಯಿತು ಅನಿಸುತ್ತೆ.

ಉಪ್ಪಿನ ಬಯಲು ಬ್ಯಾಡ್‌ವಾಟರ್, ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗೆ. ಉತ್ತರ ಅಮೆರಿಕದಲ್ಲಿ ಇದಕ್ಕಿಂತ ತಗ್ಗು ನೆಲ ಇಲ್ಲ. ಹಿಂದಿನ ಬಂಡೆಯ ಮೇಲೆ ಎತ್ತರದಲ್ಲಿ ‘ಸಮುದ್ರಮಟ್ಟ’ ಅಂತ ಒಂದು ಬಿಳಿ ಬೋರ್ಡ್ ಇಟ್ಟಿದ್ದಾರೆ, ಕತ್ತೆತ್ತಿ ಹುಡುಕಬೇಕು. 2023ರ ಆಗಸ್ಟ್‌ನಲ್ಲಿ ಹಿಲರಿ ಚಂಡಮಾರುತದ ಮಳೆಗೆ ಇಲ್ಲಿ ಕೆರೆಯೇ ಆಗಿ, 2024ರ ಫೆಬ್ರವರಿಯಲ್ಲಿ ಮತ್ತೆ ಮಳೆ ಬಂದು, ಜನ ಕಯಾಕ್ ಓಡಿಸಿದ್ದರು. ನಾವು ಹೋಗುವಷ್ಟರಲ್ಲಿ ಎಲ್ಲ ಆರಿ ಉಪ್ಪು ಮತ್ತೆ ಗಟ್ಟಿಯಾಗಿತ್ತು.

ಮೊದಲ ಅರ್ಧ ಗಂಟೆ ನಡಿಗೆ ಬೇಜಾರು. ಸಾವಿರಾರು ಕಾಲು ತುಳಿದು ಉಪ್ಪು ಸಿಮೆಂಟ್ ರಸ್ತೆಯಾಗಿದೆ. ಬಹಳ ಜನ ಅಲ್ಲೇ ಸೆಲ್ಫಿ ತೆಗೆದು ಹಿಂದಿರುಗುತ್ತಾರೆ. ಮುಂದೆ ಹೋದರೆ ಕಾಲ ಕೆಳಗೆ ಸದ್ದು ಬದಲಾಗುತ್ತದೆ, ಚರಚರ ಅನ್ನೋಕೆ ಶುರುವಾಗುತ್ತದೆ. ಅಲ್ಲಿಂದ ಷಟ್ಕೋನಗಳು. ಕೆಳಗಿನ ಉಪ್ಪುನೀರು ಮೇಲೇರಿ ಆರುತ್ತಾ ಹೋದಂತೆ ಅಂಚುಗಳಲ್ಲಿ ಉಪ್ಪು ಕಟ್ಟಿ ಗೇಣಗಲದಿಂದ ಮಾರಗಲದವರೆಗಿನ ಮನೆಗಳಾಗಿವೆ. ಕೂತು ನೋಡಿದರೆ ಅಂಚಿನ ಉಪ್ಪು ಸೂಜಿಸೂಜಿಯಾಗಿ ನಿಂತಿದೆ, ಬೆರಳು ತಾಗಿಸಿದರೆ ಪುಡಿ. ನಾಲಿಗೆಗೆ ಹಚ್ಚಿ ನೋಡಿದೆ. ಅಡುಗೆ ಉಪ್ಪೇ, ಹಿಂದೆ ಒಂಚೂರು ಕಹಿ.

ಬಿಳಿ ನೆಲ ಬೆಳಕು ಅಳೆಯುವ ಕ್ಯಾಮೆರಾದ ಮೀಟರಿಗೆ ಮೋಸ ಮಾಡುತ್ತದೆ. ಅದು ಹೇಳಿದಷ್ಟೇ ಎಕ್ಸ್‌ಪೋಶರ್ ಕೊಟ್ಟರೆ ಉಪ್ಪು ಬೂದಿ ಬಣ್ಣಕ್ಕೆ ಬರುತ್ತೆ. ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು ಬೆಳಕು ಕೊಟ್ಟು, ಹಿಸ್ಟೋಗ್ರಾಮ್ ಅನ್ನುವ ಬೆಳಕಿನ ನಕ್ಷೆ ನೋಡಿಕೊಳ್ಳಬೇಕು. ಸೂರ್ಯ ಪ್ಯಾನಮಿಂಟ್ ಬೆಟ್ಟಗಳ ಹಿಂದೆ ಬೇಗ ಮುಳುಗುತ್ತಾನೆ. ಅಷ್ಟಕ್ಕೇ ಜನ ಕಾರಿನತ್ತ ಹೊರಡುತ್ತಾರೆ. ನಿಜವಾದ ಬಣ್ಣ ಬರೋದು ಆಮೇಲೆ, ಆಕಾಶದಲ್ಲಿ ಏನಿದೆಯೋ ಅದನ್ನೇ ಉಪ್ಪು ಹಾಗೆ ಹಾಗೇ ತೋರಿಸುತ್ತದೆ, ಮೊದಲು ಕಿತ್ತಳೆ, ಆಮೇಲೆ ನೇರಳೆ. ರೂಮಿಗೆ ಬಂದ ಮೇಲೆ ಟ್ರೈಪಾಡನ್ನು ಬಚ್ಚಲಲ್ಲಿ ಸಿಹಿನೀರಲ್ಲಿ ತೊಳೆದು ಒರಗಿಸಿದೆವು. ಉಪ್ಪು ಉಳಿದರೆ ಸ್ಕ್ರೂ ತುಕ್ಕು ಹಿಡಿಯುತ್ತೆ.

ರೇಸ್‌ಟ್ರ್ಯಾಕ್‌ಗೆ ಹೋಗಲಿಲ್ಲ. ಒಣಕೆರೆಯ ತಳದಲ್ಲಿ ಕಲ್ಲುಗಳು ತಾವೇ ಜಾರಿ ಹಿಂದೆ ಗೆರೆ ಬಿಟ್ಟಿರುವ ಜಾಗ ಅದು. ದಶಕಗಳ ಕಾಲ ಏನೇನೋ ಊಹೆಗಳಿದ್ದವು. 2013ರ ಡಿಸೆಂಬರ್‌ನಲ್ಲಿ ರಿಚರ್ಡ್ ನಾರಿಸ್ ಮತ್ತು ಜೇಮ್ಸ್ ನಾರಿಸ್ ಎಂಬ ಸೋದರಸಂಬಂಧಿಗಳು ಕಲ್ಲು ಚಲಿಸೋದನ್ನು ಕಣ್ಣಾರೆ ಕಂಡರು. ರಾತ್ರಿ ಹೆಪ್ಪುಗಟ್ಟಿದ ಕಿಟಕಿ ಗಾಜಿನಷ್ಟು ತೆಳು ಮಂಜುಗಡ್ಡೆ ಬಿಸಿಲಿಗೆ ಒಡೆದು, ಹಗುರ ಗಾಳಿಗೆ ತೇಲುತ್ತಾ, ಕಲ್ಲನ್ನು ಕೆಸರಲ್ಲಿ ತಳ್ಳುತ್ತದೆ. ಅಲ್ಲಿಗೆ ಹೋಗೋಕೆ 43 ಕಿಲೋಮೀಟರ್ ಕಲ್ಲುರಸ್ತೆ. ಬಾಡಿಗೆ ಕಾರಿನ ಕರಾರಿನಲ್ಲಿ ಟಾರು ಬಿಟ್ಟು ಇಳಿಯಬಾರದು ಅಂತ ಇತ್ತು. ಟೈರ್ ಹರಿದರೆ ಅಲ್ಲಿ ಫೋನೂ ಸಿಗಲ್ಲ.

ಕೊನೆಗೆ ಡಾಂಟೇಸ್ ವ್ಯೂ, 1,669 ಮೀಟರ್ ಎತ್ತರ. ಅದು ವ್ಯೂಪಾಯಿಂಟೇ, ನಿಜ. ಆದರೆ ಅಲ್ಲಿಂದ ಉತ್ತರಕ್ಕೆ ಬೆಟ್ಟದ ನೆತ್ತಿಯ ಮೇಲೆ ಕಾಲುಹಾದಿ ಇದೆ. ಗಾಳಿ ಎಷ್ಟಿತ್ತೆಂದರೆ ಟ್ರೈಪಾಡಿಗೆ ಕ್ಯಾಮೆರಾ ಬ್ಯಾಗು ನೇತುಹಾಕಬೇಕಾಯಿತು. ನೇರ ಕೆಳಗೆ ಬ್ಯಾಡ್‌ವಾಟರ್. ನಾವು ನಡೆದ ಉಪ್ಪಿನ ದಾರಿ ಒಂದು ಬಿಳಿ ಎಳೆ, ಅದರ ಮೇಲೆ ಕಪ್ಪು ಚುಕ್ಕೆಗಳು, ಎಲ್ಲವೂ ಎಳೆಯ ಮೊದಲ ತುಂಡಲ್ಲೇ ಗುಂಪು. ಎದುರಿಗೆ ಟೆಲಿಸ್ಕೋಪ್ ಪೀಕ್, 3,368 ಮೀಟರ್, ತಲೆ ಮೇಲೆ ಹಿಮ. ಉಪ್ಪು, ಹಿಮ ಎರಡನ್ನೂ ಒಂದೇ ಫ್ರೇಮಿನಲ್ಲಿ ಹಿಡಿಯೋಕೆ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ 100 ಮಿಲಿಮೀಟರ್‌ನಲ್ಲಿ ಮೂರು ಚಿತ್ರ ತೆಗೆದು ಜೋಡಿಸಿದೆ. ಪ್ರವಾಸದಲ್ಲಿ ನನಗೆ ತೃಪ್ತಿ ಕೊಟ್ಟದ್ದು ಅದು ಮತ್ತು ದಿಬ್ಬದ ಗೆರೆಯದು.

ಆ ಶಿಖರಕ್ಕೂ ದಾರಿ ಇದೆ. ಮಹೋಗನಿ ಫ್ಲ್ಯಾಟ್‌ನಿಂದ ಒಂದು ಕಡೆಗೇ 11 ಕಿಲೋಮೀಟರ್ ಏರು, ಚಳಿಗಾಲದಲ್ಲಿ ಹಿಮಕೊಡಲಿ ಬೇಕು. ಜೂನ್‌ನಲ್ಲಿ ಬರೋಣ, ಮೇಲೆ ತಂಪಾಗಿರುತ್ತೆ ಅಂದ ಗೆಳೆಯ. ಮೇಲಿನ ಮಾತು ಸರಿ, ಅಲ್ಲಿಗೆ ಹೋಗೋಕೆ ಕೆಳಗಿನ ಬಾಣಲೆ ದಾಟಬೇಕಲ್ಲ ಅಂದೆ. ಪರಂಪ್ ತಲುಪುವವರೆಗೂ ಅದೇ ಚರ್ಚೆ ನಡೀತು.